ದೀಪಾವಳಿಯ ಮೊದಲ ಬಲಿ

ದೇವರು ತಲೆಯ ಮೇಲಿರುವಾಗ ಚೆಂಡೆ ನಿಲ್ಲಿಸಿದವರನ್ನು ನಾನು ಈವರೆಗೆ ಕಂಡಿಲ್ಲ, ಕೇಳಿಯೂ ಇಲ್ಲ. ನಿಲ್ಲಿಸಿದವಳು ನಾನೇ ಎಂಬುದು ಇವತ್ತಿಗೂ ನನಗೆ ನಂಬಿಕೆಯಾಗುತ್ತಿಲ್ಲ. ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡುತ್ತೇನೆ. ಅದೇ ಕೈ. ಬೇರೆ ಯಾರದೋ ಅನ್ನಿಸುತ್ತದೆ.

ಬಲಿ ಅಂದರೆ ಘಟ್ಟದ ಮೇಲಿನವರು ಬೇರೆಯೇ ತಿಳಿದುಕೊಳ್ಳುತ್ತಾರೆ. ನಮ್ಮ ಮಂಗಳೂರಿನ ಕಡೆ ಉತ್ಸವದ ದಿನ ಅರ್ಚಕರು ದೇವರ ಮೂರ್ತಿಯನ್ನು ತಲೆಯ ಮೇಲೆ ಹೊತ್ತು, ವಾದ್ಯಕ್ಕೆ ಹೆಜ್ಜೆ ಹಾಕುತ್ತ ಗುಡಿಯ ಹೊರ ಅಂಗಣದಲ್ಲಿ ಸುತ್ತು ಬರುವುದೇ ಬಲಿ. ಮೊದಲ ಸುತ್ತುಗಳು ನಿಧಾನ. ಒಂದೊಂದು ಸುತ್ತಿಗೆ ಒಂದೊಂದು ವಾದ್ಯ. ಕೊನೆಯದು ಸರ್ವವಾದ್ಯದ ಸುತ್ತು. ಚೆಂಡೆ, ನಾಗಸ್ವರ, ತಾಳ, ಶಂಖ ಎಲ್ಲ ಒಟ್ಟಿಗೆ. ಆಗ ಅದು ನಡಿಗೆಯಲ್ಲ, ಕುಣಿತವೂ ಅಲ್ಲ, ಹೆಚ್ಚುಕಡಿಮೆ ಓಟ. ಮೂರ್ತಿ, ಹಿತ್ತಾಳೆಯ ಪ್ರಭಾವಳಿ, ಹೂವು ಎಲ್ಲ ಸೇರಿದರೆ ಒಂದು ದೊಡ್ಡ ಮಗುವಿನಷ್ಟು ಭಾರ. ಹೊರುವವರಿಗೆ ಬೆಳಗಿನಿಂದ ಉಪವಾಸ. ನಡುವೆ ನಿಲ್ಲುವಂತಿಲ್ಲ, ಇಳಿಸುವಂತಿಲ್ಲ.

ಕದ್ರಿ ಗುಡ್ಡದ ಕೆಳಗಿನ ಒಂದು ಸಣ್ಣ ದೇವಸ್ಥಾನದಲ್ಲಿ ನನ್ನ ಗಂಡ ಕೃಷ್ಣರಾಜ ಭಟ್ಟರು ಅರ್ಚಕರು. ಮದುವೆಯಾಗಿ ಬಂದಾಗಿನಿಂದ ನಾನು ಇವರ ಬಲಿ ನೋಡುತ್ತ ಬಂದವಳು. ಇವರ ಮಂಡಿ ಸವೆದ ಮೇಲೆ ಮಗ ವಿಷ್ಣುಪ್ರಸಾದ ಹೊರಲು ಶುರು ಮಾಡಿದ. ಹಗಲು ಬಲ್ಮಠದ ಕಡೆ ಒಂದು ವಿಮಾ ಕಚೇರಿಯಲ್ಲಿ ಅವನಿಗೆ ಕೆಲಸ. ಸಂಜೆಯ ಹೊತ್ತು ಉತ್ಸವವಿದ್ದಲ್ಲಿಗೆ ಹೋಗುತ್ತಿದ್ದ. ಅವನ ಹೆಜ್ಜೆ ಚೆಂದ ಅಂತ ಸುತ್ತಮುತ್ತಲಿನ ದೇವಸ್ಥಾನದವರೂ ಕರೆಯುತ್ತಿದ್ದರು. ಹಾಗಾಗಿ ದೀಪಾವಳಿಯಿಂದ ಪತ್ತನಾಜೆಯ ತನಕ, ಅಂದರೆ ಮಳೆಗಾಲದ ಬಾಗಿಲಿನ ತನಕ, ಅವನಿಗೆ ಬಿಡುವೇ ಇರುತ್ತಿರಲಿಲ್ಲ. ಪತ್ತನಾಜೆಗೆ ದೇವರು ಒಳಗೆ ಹೋದರೆ ಮತ್ತೆ ಹೊರಗೆ ಬರುವುದು ದೀಪಾವಳಿಗೆ. ಅಷ್ಟರ ತನಕ ಹೊರುವವರಿಗೂ ವಿಶ್ರಾಂತಿ. ಹಲಸಿನ ಹಪ್ಪಳ, ಪತ್ರೊಡೆ, ಮಧ್ಯಾಹ್ನದ ನಿದ್ದೆ. ಪ್ರತಿ ವರ್ಷವೂ ಹೀಗೆಯೇ.

ಈ ವರ್ಷ ಒಂದು ಹೆಚ್ಚಾಯಿತು. ಪತ್ತನಾಜೆ ಕಳೆದ ವಾರವೇ, ಮೊದಲ ಮಳೆಗೆ, ನಂತೂರಿನ ಹತ್ತಿರ ಬೈಕು ಜಾರಿ ಅವನ ಕಾಲಿನ ಗಂಟು ಮುರಿಯಿತು. ಪ್ಲಾಸ್ಟರ್ ಹಾಕಿ ಮಲಗಿದ. ಎಳೆ ಮಗುವನ್ನು ನೋಡಿಕೊಂಡ ಹಾಗೆ ಸ್ನಾನ, ಊಟ ಎಲ್ಲ ನಾನೇ ನೋಡಿಕೊಂಡೆ. ಪ್ಲಾಸ್ಟರ್ ತೆಗೆದಾಗ ಆ ಕಾಲು ಇನ್ನೊಂದರ ಅರ್ಧದಷ್ಟಾಗಿತ್ತು. ಅದನ್ನು ಕಂಡು ಅವನಿಗೆ ನಾಚಿಕೆಯಾಯಿತೋ ಏನೋ, ನಡೆಯಲು ಬಂದದ್ದೇ ಬಿಜೈಯಲ್ಲಿ ಒಂದು ಜಿಮ್ಮಿಗೆ ಸೇರಿದ. ದಿನಾ ಭಾರ ಎತ್ತುವುದು. ಗಣೇಶ ಚತುರ್ಥಿ ಕಳೆದು ನವರಾತ್ರಿ ಬರುವಾಗ ತೊಡೆ, ಭುಜ ಎಲ್ಲ ಮೊದಲಿಗಿಂತ ದಪ್ಪ. ಹಳೆಯ ಅಂಗಿ ಹಿಡಿಯುತ್ತಿರಲಿಲ್ಲ. ಕಂಡವರೆಲ್ಲ, ಭಟ್ರ ಮಗ ಬಿದ್ದು ಎದ್ದು ಪೈಲ್ವಾನ ಆಗಿದ್ದಾನೆ ಅಂದರು. ನನಗೂ ಹೆಮ್ಮೆ ಆಗಲಿಲ್ಲ ಅಂತ ಹೇಳಲಾರೆ.

ಮೊದಲ ಬಾರಿ ನನಗೆ ಹೆದರಿಕೆಯಾದದ್ದು ಎರಡನೆಯ ಮಾಳಿಗೆಯ ಗ್ಲ್ಯಾಡಿಸ್ ಬಾಯಿಯ ಮಾತಿಗೆ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಮ್ಮ ಮನೆ ನಾಲ್ಕನೆಯ ಮಾಳಿಗೆಯಲ್ಲಿ. ಅವರು ಬಾಗಿಲಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದವರು ನನ್ನನ್ನು ಕಂಡು ನಕ್ಕರು.

"ಪಂಕಜಕ್ಕ, ನಿಮ್ಮ ಮಗನಿಗೆ ಈಗ ನನ್ನ ಮೇಲೆ ಭಾರೀ ಪ್ರೀತಿ ಮಾರಾಯ್ರೆ. ಮೊದಲು ಗಾಳಿಯ ಹಾಗೆ ಹತ್ತಿ ಹೋಗ್ತಿದ್ದ. ಈಗ ದಿನಾ ಇಲ್ಲಿ ನಿಂತು ಈ ಗಿಡದ ಹೆಸರು ಎಂತ, ಆ ಗಿಡದ ಹೆಸರು ಎಂತ ಅಂತ ಕೇಳ್ತಾನೆ. ನಿನ್ನೆ ಕೇಳಿದ್ದನ್ನೇ ಇವತ್ತು ಕೇಳ್ತಾನೆ."

ನಾನೂ ನಕ್ಕೆ. ಎರಡು ಮೆಟ್ಟಿಲು ಹತ್ತಿದ ಮೇಲೆ ನಗು ನಿಂತಿತು. ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಇಟ್ಟುಕೊಂಡು ಒಂದೇ ಉಸಿರಿಗೆ ಮೇಲೆ ಬರುತ್ತಿದ್ದ ಹುಡುಗ ಅವನು. ಅವನಿಗೆ ಗಿಡ ಬೇಕಾಗಿರಲಿಲ್ಲ. ನಿಲ್ಲಲು ಒಂದು ನೆಪ ಬೇಕಾಗಿತ್ತು.

ಆ ದಿನದಿಂದ ಅವನು ಮನೆಗೆ ಬರುವ ಹೊತ್ತಿಗೆ ನಾನು ಅಡುಗೆಮನೆಯ ನಲ್ಲಿ ನಿಲ್ಲಿಸಿ ಕಿವಿ ಕೊಡುತ್ತಿದ್ದೆ. ಬಾಗಿಲಿನ ಹೊರಗೆ ಹೆಜ್ಜೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕರೆಗಂಟೆ. ಒಳಗೆ ಬರುವಾಗ ಮುಖದಲ್ಲಿ ಎಲ್ಲ ಸರಿ.

ಮಗಳು ಮಾನ್ಯಾಳಿಗೆ ಹೇಳಿದೆ. ಅವಳು ಫಿಸಿಯೋಥೆರಪಿ ಓದುವವಳು, ಕೊನೆಯ ವರ್ಷ. ಭಾನುವಾರ ಅಣ್ಣನನ್ನು ತಮಾಷೆಯ ಹಾಗೆ ಹಿಡಿದಳು. ಅಡುಗೆಮನೆಯ ಮರದ ಸ್ಟೂಲನ್ನು ಹಾಲಿನ ನಡುವೆ ಇಟ್ಟು, ಫೋನಿನಲ್ಲಿ ಟಿಕ್ ಟಿಕ್ ಸದ್ದು ಹಾಕಿ, ಅದಕ್ಕೆ ಸರಿಯಾಗಿ ಹತ್ತಿ ಇಳಿಯಬೇಕು ಅಂದಳು. ಅವನು ಮೊದಮೊದಲು ಬಲಿಯ ಹೆಜ್ಜೆ ಹಾಕಿ ನಗಿಸಿದ. ಇವರೂ ಪೇಪರು ಬದಿಗಿಟ್ಟು ನೋಡಿದರು. ನೋಡನೋಡುತ್ತ ತಮಾಷೆ ಕಡಿಮೆಯಾಯಿತು. ಕೊನೆಗೆ ಅವನು ನೆಲದ ಮೇಲೆ ಕುಳಿತ. ಮಾನ್ಯಾ ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು, ಬಿಟ್ಟಳು, ಪುನಃ ಹಿಡಿದಳು. ಅವಳ ಮುಖ ಬದಲಾದದ್ದು ನನಗೆ ಕಂಡಿತು.

"ಅಣ್ಣ, ಈ ಬಡಿತ ಇಳಿಯುವುದೇ ಇಲ್ಲ ಅಲ್ಲ?"

ಬೆಳಿಗ್ಗೆ ಎರಡು ಲೋಟ ಕಾಪಿ ಕುಡಿದದ್ದಕ್ಕೆ ಅಂತ ಅವನು ಹೇಳಿದ. ಅವಳು ಬಿಡಲಿಲ್ಲ. ಸಮಾಧಾನದಲ್ಲಿಯೇ ವಿವರಿಸಿದಳು. ಕಾಲಿನ ಬಲ ಬೇರೆ, ಉಸಿರಿನ ಬಲ ಬೇರೆ. ಜಿಮ್ಮಿನಲ್ಲಿ ಬಂದದ್ದು ಮೊದಲನೆಯದು. ತಿಂಗಳುಗಟ್ಟಲೆ ಬಲಿ ಹೊತ್ತು ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಕಲಿತಿತ್ತು. ಮಲಗಿದ ಕೆಲವೇ ವಾರಗಳಲ್ಲಿ ಅದು ಆ ಅಭ್ಯಾಸವನ್ನು ಬಿಟ್ಟುಬಿಡುತ್ತದೆ. ಮೈಯೊಳಗಿನ ರಕ್ತದ ಪ್ರಮಾಣವೇ ಕಡಿಮೆಯಾಗುತ್ತದೆ. ಹೋಗಲು ವಾರಗಳು ಸಾಕು, ಬರಲು ತಿಂಗಳುಗಳು ಬೇಕು. ಮೈ ನೋಡಿದರೆ ಗೊತ್ತಾಗುವುದಿಲ್ಲ. ಗಟ್ಟಿ ಕಾಲು ಇದ್ದವನಿಗಂತೂ ಇನ್ನೂ ಗೊತ್ತಾಗುವುದಿಲ್ಲ, ಯಾಕೆಂದರೆ ಕಾಲು ಮುಂದೆ ಹೋಗುತ್ತದೆ, ಉಸಿರು ಹಿಂದೆ ಉಳಿಯುತ್ತದೆ. ಈ ದೀಪಾವಳಿಗೆ ಹೊರಬೇಡ ಅಂದಳು.

ಅವನು ಅವಳ ತಲೆಗೆ ಮೆಲ್ಲ ಮೊಟಕಿದ. "ಹೊರುವುದು ನಾನಲ್ಲ ಮಾರಾಯ್ತಿ. ದೇವರೇ ನನ್ನನ್ನು ಹೊತ್ತುಕೊಂಡು ಹೋಗ್ತಾನೆ. ನಿನ್ನ ಸಿಲೆಬಸ್ಸಿನಲ್ಲಿ ಅದು ಇಲ್ಲ."

ಇವರಿಗೆ ಆ ಮಾತು ಹಿಡಿಸಿತು. ಹಿಡಿಸದೆ ಇರುತ್ತದೆಯೇ? ಅವನಿಗೆ ಅದನ್ನು ಕಲಿಸಿದವರೇ ಇವರು. ರಾತ್ರಿ ಊಟ ಬಡಿಸುವಾಗ, ಈ ಒಂದು ಬಲಿ ನೀವೇ ಹೊರಬಹುದಲ್ಲ, ನಡೆದುಕೊಂಡೇ ಬಂದರಾಯಿತು ಅಂತ ಕೇಳಿದೆ. ಜನ ಮಗನ ಹೆಜ್ಜೆ ನೋಡಲು ಬರುತ್ತಾರೆ, ಅವನ ಕಾಲು ಗಟ್ಟಿ ಉಂಟಲ್ಲ ಅಂದರು. ನಾನು ಸಾರು ಬಡಿಸಿದೆ.

ದೀಪಾವಳಿಯ ಸಂಜೆ ಅಂಗಣ ತುಂಬಿತ್ತು. ಮಳೆಗಾಲವೆಲ್ಲ ಒಳಗಿದ್ದ ದೇವರು ಹೊರಗೆ ಬರುವ ದಿನ. ಕಂಕನಾಡಿ, ಬಜಪೆಯಿಂದಲೂ ಜನ ಬಂದಿದ್ದರು. ನಾನು ಹೆಂಗಸರ ಸಾಲಿನಲ್ಲಿ, ವಾದ್ಯದವರ ಪಕ್ಕದಲ್ಲಿ ನಿಂತಿದ್ದೆ. ಮಾನ್ಯಾ ನನ್ನ ಹಿಂದೆ. ಇವರು ಮಡಿಯಲ್ಲಿ ಗರ್ಭಗುಡಿಯ ಮೆಟ್ಟಿಲ ಮೇಲೆ, ಕೈಯಲ್ಲಿ ಗಂಟೆ.

ವಿಷ್ಣು ಹೊರಗೆ ಬಂದಾಗ ಜನ ಒಮ್ಮೆಗೇ ಕೈ ಮುಗಿದರು. ಕಚ್ಚೆ, ತಲೆಗೆ ಮುಂಡಾಸು, ಅದರ ಮೇಲೆ ದೇವರು. ಅಷ್ಟು ಅಗಲದ ಎದೆಯ ಮೇಲೆ ಗಂಧ. ನನ್ನ ಮಗನಾ ಇವನು ಅನ್ನಿಸಿತು. ಮೊದಲ ಸುತ್ತು ಚೆಂದ ಹೋಯಿತು. ಎರಡನೆಯದೂ ಹೋಯಿತು. ನಾಗಸ್ವರದ ಸುತ್ತಿಗೆ ಅವನು ಬಾಗಿ, ತಿರುಗಿ, ಹಿಂದಕ್ಕೆ ಹೆಜ್ಜೆ ಇಟ್ಟಾಗ ಮುರಿದ ಕಾಲು ಯಾವುದೆಂದು ನನಗೇ ಮರೆತುಹೋಯಿತು. ಮಾನ್ಯಾಳ ಕಡೆ ತಿರುಗಿ, ಕಂಡೆಯಾ ಎಂಬಂತೆ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಅಣ್ಣನ ಹೊಟ್ಟೆಯನ್ನೇ ನೋಡುತ್ತಿದ್ದಳು.

ಸರ್ವವಾದ್ಯ ಶುರುವಾಯಿತು. ಅಣ್ಣು ಸೇರಿಗಾರರು ಚೆಂಡೆಯ ಮೇಳಕ್ಕೆ ಹಿರಿಯರು. ಇವರ ಬಲಿಗೂ ಅವರೇ ಬಾರಿಸಿದವರು. ಅವರ ಕಣ್ಣು ಯಾವಾಗಲೂ ಹೊರುವವರ ಪಾದದ ಮೇಲೆ. ಪಾದ ಹೇಗೋ ಕೋಲು ಹಾಗೆ. ದೇವರ ದರ್ಶನ, ಅಂದರೆ ಆವೇಶ, ಬಂದರೆ ಹೊರುವವರ ಮೈ ವಾಲುತ್ತದೆ, ಹೆಜ್ಜೆ ಚದುರುತ್ತದೆ. ಆಗ ಚೆಂಡೆಯ ವೇಗ ಏರಿಸಬೇಕು. ಅದು ಕ್ರಮ. ವೇಗ ಏರಿದರೆ ಹೊರುವವರು ಇನ್ನೂ ಜೋರಾಗಿ ಕುಣಿಯಬೇಕು. ಅದೂ ಕ್ರಮ.

ಗುಡಿಯ ಹಿಂದಿನಿಂದ ತಿರುಗಿ ಬರುವಾಗ ವಿಷ್ಣುವಿನ ಮೈ ಎಡಕ್ಕೆ ವಾಲಿತು. ನನ್ನ ಪಕ್ಕದ ಹೆಂಗಸು, "ದರ್ಶನ ಬಂತು" ಅಂತ ಪಿಸುಗುಟ್ಟಿ ಕಣ್ಣು ಮುಚ್ಚಿದಳು. ಜನರ ಕೈಗಳು ತಲೆಯ ಮೇಲಕ್ಕೆ ಹೋದವು. ಅಣ್ಣು ಸೇರಿಗಾರರ ಕೋಲು ಬಿರುಸಾಯಿತು. ಅವನು ಬಲಕ್ಕೆ ವಾಲಿದ. ಇನ್ನೂ ಬಿರುಸು. ಎಲ್ಲರ ಮುಖದಲ್ಲಿ ಬೆಳಕು. ಇವರೂ ಮೆಟ್ಟಿಲ ಮೇಲೆ ಕಣ್ಣು ತುಂಬಿಕೊಂಡು ಗಂಟೆ ಬಾರಿಸುತ್ತಿದ್ದರು.

ನಾನು ಮಾತ್ರ ಕೈ ಮುಗಿಯಲು ಹೋದವಳು ಅರ್ಧಕ್ಕೆ ನಿಂತೆ. ಅವನ ಎರಡೂ ಕೈ ಮೂರ್ತಿಯ ಪೀಠವನ್ನು ಅವಚಿಕೊಂಡಿದ್ದವು. ದರ್ಶನ ಬಂದಾಗ ಕೈ ಬಿಟ್ಟು ಕುಣಿಯುವವನು ಅವನು. ಈಗ ಹಿಡಿದದ್ದು ಬೀಳುವವನು ಹಿಡಿಯುವ ಹಾಗೆ. ಪಕ್ಕೆಲುಬಿನ ಕೆಳಗೆ ಹೊಟ್ಟೆ ಒಳಕ್ಕೆ ಸೇದಿ ಹೋಗುತ್ತಿತ್ತು, ಬಾಯಿ ತೆರೆದಿತ್ತು, ತುಟಿ ಬೂದಿಯ ಬಣ್ಣ. ಚೆಂಡೆಯ ಸದ್ದಿನಲ್ಲಿ ಉಸಿರು ಕೇಳಿಸುವುದೆಲ್ಲಿಂದ? ಆದರೂ ನನಗೆ ಕೇಳಿಸಿತು, ಅಥವಾ ಕೇಳಿಸಿದ ಹಾಗಾಯಿತು. ನಮ್ಮ ಮುಂದೆ ಹಾದುಹೋಗುವಾಗ ಅವನು ನನ್ನನ್ನು ನೋಡಿದ. ಪಣಂಬೂರಿನ ಸಮುದ್ರದಲ್ಲಿ ಒಮ್ಮೆ, ಚಿಕ್ಕವನಿರುವಾಗ, ಅಲೆ ಬಂದು ಕಾಲಡಿಯ ಮರಳು ಜಾರಿದಾಗ ಹೀಗೆಯೇ ನೋಡಿದ್ದ. ಕೂಗಲೂ ಬಾರದ ನೋಟ.

"ಸೇರಿಗಾರ್ರೆ, ಕಡಿಮೆ ಮಾಡಿ" ಅಂದೆ. ಕೇಳಿಸಲಿಲ್ಲ. ಅವರ ತೋಳು ಮುಟ್ಟಿದೆ. ಅವರು ಬಾರಿಸುತ್ತಲೇ ನನ್ನ ಕಡೆ ಬಾಗಿದರು.

"ದರ್ಶನದಲ್ಲಿ ಇದ್ದಾರಲ್ಲ ಅಮ್ಮ. ಈಗ ಹೇಗೆ ನಿಲ್ಲಿಸುವುದು?"

"ಅದು ದರ್ಶನ ಅಲ್ಲ. ಅವನಿಗೆ ಉಸಿರು ಸಿಗುವುದಿಲ್ಲ."

ಅವರಿಗೆ ನಾನು ಹೇಳಿದ್ದು ಅರ್ಥವೇ ಆಗಲಿಲ್ಲ. ದೇವರು ತಲೆಯ ಮೇಲೆ ಇರುವಾಗ ಉಸಿರಿನ ಮಾತು ಯಾರು ಆಡುತ್ತಾರೆ? ವಿಷ್ಣು ಮತ್ತೆ ವಾಲಿದ, ಪ್ರಭಾವಳಿ ಓರೆಯಾಯಿತು, ಜನ ಗೋವಿಂದ ಅಂದರು, ಕೋಲು ಮೇಲಕ್ಕೆ ಹೋಯಿತು. ಅದು ಇಳಿಯುವ ಮೊದಲು ನಾನು ಚೆಂಡೆಯ ಚರ್ಮದ ಮೇಲೆ ಅಂಗೈ ಊರಿದೆ.

ಕೋಲು ನನ್ನ ಬೆರಳ ಗೆಣ್ಣಿನ ಮೇಲೆ ಬಿತ್ತು. ನೋವು ಆಗ ಗೊತ್ತಾಗಲಿಲ್ಲ. ಹಿರಿಯರ ಚೆಂಡೆ ನಿಂತದ್ದಕ್ಕೆ ಉಳಿದ ಚೆಂಡೆಗಳು ತಡವರಿಸಿದವು, ತಾಳ ತಪ್ಪಿತು, ನಾಗಸ್ವರ ಒಂದು ಎಳೆಯಲ್ಲಿ ಒಬ್ಬಂಟಿಯಾಗಿ ಉಳಿದು ಸುಮ್ಮನಾಯಿತು. ಅಂಗಣದಲ್ಲಿ ಅಂಥ ಮೌನವನ್ನು ನಾನು ಕಂಡಿರಲಿಲ್ಲ. ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. ಗರಗಸದಿಂದ ಮರ ಕೊಯ್ದ ಹಾಗೆ ನನ್ನ ಮಗನ ಉಸಿರು.

ವಾದ್ಯ ನಿಂತ ಕೂಡಲೇ ಅವನ ಕಾಲೂ ನಿಂತಿತು. ಇವರು ಒಂದು ಕ್ಷಣ ನನ್ನನ್ನು ನೋಡಿದರು. ಮದುವೆಯಾದಾಗಿನಿಂದ ಇವರ ಮುಖದಲ್ಲಿ ಅಂಥ ಸಿಟ್ಟು ಕಂಡಿಲ್ಲ. ಮತ್ತೆ ಮಗನ ತುಟಿ ನೋಡಿದರು. ಗಂಟೆ ಕೆಳಗಿಟ್ಟು, ಮಂಡಿ ನೋವನ್ನು ಮರೆತು ಮೆಟ್ಟಿಲಿಳಿದು ಓಡಿದರು. ಅವನ ಮುಂದೆ ನಿಂತು, ತಲೆಗೆ ತಲೆ ತಾಗುವಷ್ಟು ಹತ್ತಿರ ಬಾಗಿ, ದೇವರನ್ನು ತನ್ನ ತಲೆಗೆ ತೆಗೆದುಕೊಂಡರು. ದೇವರು ನೆಲ ಮುಟ್ಟಲಿಲ್ಲ. ಶಂಖ ಒಂದೇ ಮೊಳಗಿತು. ಉಳಿದ ಅರ್ಧ ಸುತ್ತನ್ನು ಇವರು ನಡೆದು ಮುಗಿಸಿದರು, ಕುಣಿಯದೆ, ಒಂದೊಂದೇ ಹೆಜ್ಜೆ.

ವಿಷ್ಣು ಕುಸಿದು ಕುಳಿತಿದ್ದ. ಮಾನ್ಯಾ ಮುಂಡಾಸು ಬಿಚ್ಚಿ, ಕಾಲುಗಳನ್ನು ಎತ್ತಿ ಹಿಡಿದಳು. ಹಿಂದಿನಿಂದ ಮಾತುಗಳು ಬಂದವು. ಭಟ್ರ ಹೆಂಡತಿಗೆ ಎಂತ ಆಯ್ತು? ದರ್ಶನ ತಡೆದಳಲ್ಲ. ಊರಿಗೆ ಎಂತ ಕಾದಿದೆಯೋ. ಅಣ್ಣು ಸೇರಿಗಾರರು ಕೋಲು ಕಂಕುಳಲ್ಲಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರು.

ಕಂಕನಾಡಿಯ ಆಸ್ಪತ್ರೆಯಲ್ಲಿ ಇಸಿಜಿ, ರಕ್ತ ಪರೀಕ್ಷೆ ಎಲ್ಲ ಮಾಡಿದರು, ಡ್ರಿಪ್ ಹಾಕಿದರು. ಯಾವುದೋ ದೊಡ್ಡ ಹೆಸರಿನ ಕಾಯಿಲೆ ಹೇಳುತ್ತಾರೆ ಅಂತ ನಾನು ಗಟ್ಟಿ ಮನಸ್ಸು ಮಾಡಿ ಕುಳಿತಿದ್ದೆ. ಡಾಕ್ಟರು ಬಂದು, ಹೃದಯ ಚೆನ್ನಾಗಿ ಉಂಟು, ಕಾಯಿಲೆ ಎಂತದೂ ಇಲ್ಲ ಅಂದರು. ಉಪವಾಸ, ಸೆಕೆ, ಬೆವರು, ಅದರ ಮೇಲೆ ಅಭ್ಯಾಸ ತಪ್ಪಿದ ಮೈ. ಅಷ್ಟೇ. ಆ 'ಅಷ್ಟೇ' ಕೇಳಿ ನಾನು ಇನ್ನೂ ಬೆಚ್ಚಿದೆ. ಕಾಯಿಲೆ ಇದ್ದಿದ್ದರೆ ಅದನ್ನು ದೂರಬಹುದಿತ್ತು. ಏನೂ ಇಲ್ಲದೆಯೇ, ಬರೀ ಮಲಗಿದ್ದಕ್ಕೆ, ಕಾಣುವುದಕ್ಕೆ ಬಂಡೆಯಂತಿರುವ ಹುಡುಗ ಹೀಗಾಗಬಹುದೇ?

ಮರುದಿನ ದೇವಸ್ಥಾನದ ಸಮಿತಿಯ ಅಧ್ಯಕ್ಷರು ಫೋನು ಮಾಡಿದರು. ಬಲಿ ನಡುವೆ ನಿಂತದ್ದಕ್ಕೆ ಪ್ರಶ್ನೆ ಇಡಿಸಬೇಕು, ಜೋಯಿಸರನ್ನು ಕರೆಸಿ ದೇವರಿಗೆ ಕೋಪ ಬಂದಿದೆಯೋ ನೋಡಿಸಬೇಕು ಅಂತ. ಇವರು ಹೂಂ ಅನ್ನದೆ ಕೇಳಿಸಿಕೊಂಡರು. ದೇವರ ಹೆಸರಿನಲ್ಲಿ ಏನೇ ಆದರೂ ಇವರು ಒಪ್ಪುವವರು. ಇದಕ್ಕೂ ಒಪ್ಪುತ್ತಾರೆ ಅಂದುಕೊಂಡೆ.

"ಪ್ರಶ್ನೆ ಬೇಡ" ಅಂದರು. "ಉತ್ತರ ನನಗೆ ಗೊತ್ತುಂಟು. ಮುಂದಿನ ಬಲಿಗೆ ನಾನು ಹೊರ್ತೇನೆ, ನಡೆದುಕೊಂಡು."

ವಿಷ್ಣು ಗೋಡೆಗೆ ಮುಖ ಮಾಡಿ ಮಲಗಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಹತ್ತಿರ ಒಂದೇ ಮಾತು ಆಡಿದ್ದ: ನೀನು ನಿಲ್ಲಿಸದಿದ್ದರೆ ನಾನು ಮುಗಿಸುತ್ತಿದ್ದೆ ಅಂತ. ಇವರು ಫೋನು ಇಟ್ಟು ಅವನ ಕಾಲಿನ ಹತ್ತಿರ ಹೋಗಿ ಕುಳಿತರು.

"ವಿಷ್ಣು, ನನಗೂ ಆಗ್ತಿತ್ತು. ದೀಪಾವಳಿಯ ಮೊದಲ ಬಲಿಗೆ ಪ್ರತಿ ವರ್ಷ. ಕಣ್ಣು ಕತ್ತಲೆ ಬರ್ತಿತ್ತು, ಮೈ ವಾಲ್ತಿತ್ತು. ಜನ ಕೈ ಮುಗೀತಿದ್ದರು. ನಾನು ದರ್ಶನ ಅಂತಲೇ ತಿಳಿದುಕೊಂಡೆ. ಮತ್ತೆ ಮಾಗಿಯಲ್ಲಿ, ಅಭ್ಯಾಸ ಆದ ಮೇಲೆ, ಬೇರೆ ಒಂದು ಬರ್ತಿತ್ತು. ಮೈ ಹಗುರ ಆಗಿ, ಉಸಿರು ತಣ್ಣಗೆ ಇದ್ದು ಬರುವಂಥದ್ದು. ಎರಡೂ ಒಂದೇ ಅಲ್ಲ ಅಂತ ನಿನ್ನೆ ನಿನ್ನ ಉಸಿರು ಕೇಳಿದ ಮೇಲೆ ಗೊತ್ತಾಯ್ತು."

ನನ್ನ ಕೈಯಲ್ಲಿ ಮಡಚುತ್ತಿದ್ದ ಪಂಚೆ ಹಾಗೆಯೇ ಉಳಿಯಿತು. ಪ್ರತಿ ದೀಪಾವಳಿಗೆ ನಾನೂ ಆ ಸಾಲಿನಲ್ಲಿ ನಿಂತು ಕೈ ಮುಗಿದಿದ್ದೆ. ಇವರು ಬಿದ್ದುಬಿಡಬಹುದಾದ ಅಷ್ಟೂ ಸಂಜೆಗಳಲ್ಲಿ ಕಣ್ಣು ಮುಚ್ಚಿ ನಿಂತಿದ್ದೆ.

ವಿಷ್ಣು ತಿರುಗಲಿಲ್ಲ. ಗೋಡೆಯ ಕಡೆಗೇ ಕೇಳಿದ: "ಮಾನ್ಯಾ, ಉಸಿರಿನ ಬಲ ಪುನಃ ಬರ್ತದಾ?"

"ಬರ್ತದೆ. ಆದರೆ ಮೆಲ್ಲ. ನೀನು ಸುಳ್ಳು ಹೇಳದಿದ್ದರೆ" ಅಂದಳು ಅವಳು. ಶುರುವಿಗೆ ಓಟ ಇಲ್ಲ, ಬರೀ ನಡಿಗೆ. ನಡೆಯುವಾಗ ಗಟ್ಟಿಯಾಗಿ ಮಂತ್ರ ಹೇಳುತ್ತಿರಬೇಕು. ಮಂತ್ರ ತುಂಡಾಗುವಲ್ಲಿ ನಿಧಾನ ಮಾಡಬೇಕು. ಮಾತಾಡಲು ಬರುವಷ್ಟೇ ವೇಗ. ಅದಕ್ಕಿಂತ ಹೆಚ್ಚು ಬೇಡ. ದಿನ ಹೋದ ಹಾಗೆ ಅದೇ ವೇಗದಲ್ಲಿ ಉಸಿರು ಉಳಿಯಲು ಶುರುವಾಗುತ್ತದೆ.

ಇವತ್ತು ಬೆಳಿಗ್ಗೆ ಇಡ್ಲಿ ಇಟ್ಟು, ಒಲೆ ನೋಡಲು ಮಾನ್ಯಾಳಿಗೆ ಹೇಳಿ, ನಾನು ಅವನ ಜೊತೆ ಕದ್ರಿ ಪಾರ್ಕಿಗೆ ಹೋದೆ. ನಡೆಯುವವರಲ್ಲಿ ಹೆಚ್ಚಿನವರು ನನ್ನ ಪ್ರಾಯದವರು, ಕೆಲವರು ಇನ್ನೂ ಹಿರಿಯರು. ಅವನು ಪುರುಷಸೂಕ್ತ ಶುರು ಮಾಡಿದ. ಸಣ್ಣ ಏರು ಬರುವ ತನಕ ಸ್ವರ ನೇರ ಇತ್ತು. ಏರಿನಲ್ಲಿ ಪದಗಳ ನಡುವೆ ಜಾಗ ಬೀಳತೊಡಗಿತು. ನಾನು ಎಂದಿನ ಹೆಜ್ಜೆಯಲ್ಲಿಯೇ ಇದ್ದೆ, ಮಾರ್ಕೆಟ್ಟಿನಿಂದ ತರಕಾರಿ ಹೊತ್ತು ಬರುವ ಹೆಜ್ಜೆ. ಅಷ್ಟು ಮೆಲ್ಲನೆಯ ನಡಿಗೆಗೆ ನನ್ನ ಮಗನ ಉಸಿರು ಹೀಗೆ ತುಂಡಾಗುವುದನ್ನು ಕೇಳಿಯೂ, ನೋಡದ ಹಾಗೆ ಮರಗಳ ಕಡೆ ನೋಡುತ್ತ ನಡೆದೆ. ಹಿಂದಿನಿಂದ ಬಂದ ಒಬ್ಬರು ಮುದುಕರು ನಮ್ಮಿಬ್ಬರನ್ನೂ ದಾಟಿ ಹೋದರು. ಇವನ ಭುಜಗಳನ್ನು ಒಮ್ಮೆ ತಿರುಗಿ ನೋಡಿದರು.

ಅವನು ಏನಾದರೂ ನೆಪ ಹೇಳುತ್ತಾನೆ ಅಂದುಕೊಂಡೆ. ಚಪ್ಪಲಿಯ ಬಾರು, ಫೋನು, ಯಾವುದಾದರೂ ಮರದ ಹೆಸರು. ಮಂತ್ರ ಒಂದು ಪದದ ನಡುವೆ ತುಂಡಾಯಿತು. ಅವನು ನಿಂತ. ಸೊಂಟದ ಮೇಲೆ ಕೈ ಇಟ್ಟು, ಎಲ್ಲರ ಎದುರಿಗೆ ಬಾಯಿ ತೆರೆದು ಉಸಿರು ಎಳೆದುಕೊಂಡ.

"ಅಮ್ಮ, ನಿಲ್ಲು. ಉಸಿರು ಸಿಗುವುದಿಲ್ಲ ನನಗೆ."

ನಿಂತೆ.